ರೋಗಿಯ ಕೈಗೆ ಯಾವ ಫೋನ್: ದೊಡ್ಡದೋ, ಚಿಕ್ಕದೋ?

ಅಪ್ಪ ಅಮ್ಮನಿಗೆ ಹೊಸ ಫೋನ್ ಕೊಡಿಸಲು ಅಂಗಡಿಗೆ ಹೋದ ಮಕ್ಕಳು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಅವರಿಗೆ ಕಣ್ಣು ಮಂಜು, ದೊಡ್ಡ ಸ್ಕ್ರೀನ್ ಇರುವುದನ್ನೇ ಕೊಡಿ." ಇದು ಅರ್ಧ ಸರಿ. ಉಳಿದರ್ಧ ಕೈ, ಮಣಿಕಟ್ಟು ಮತ್ತು ಜೇಬಿಗೆ ಸೇರಿದ್ದು. ಮಾತ್ರೆಯ ಅಲಾರಂ, ಸಕ್ಕರೆ ಅಂಶದ ದಾಖಲೆ, ವೈದ್ಯರ ಜೊತೆ ವಿಡಿಯೊ ಸಮಾಲೋಚನೆ, ತುರ್ತು ಕರೆ ಎಲ್ಲವೂ ಇಂದು ಫೋನಿನ ಮೂಲಕವೇ ಆಗುತ್ತಿರುವುದರಿಂದ, ಅದರ ಗಾತ್ರವನ್ನು ಆರಿಸುವುದೂ ಆರೈಕೆಯ ಒಂದು ಭಾಗವೇ.

ಹೌರಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಗನೋ ಮಗಳೋ ಹೌರಾದಲ್ಲಿ ಕೆಲಸದಲ್ಲಿದ್ದಾರೆ, ಕರ್ನಾಟಕದಿಂದ ವಯಸ್ಸಾದ ತಾಯಿ ಬಂದು ಕೆಲವು ತಿಂಗಳು ಅವರೊಡನೆ ಇರುತ್ತಾರೆ ಎಂದುಕೊಳ್ಳಿ. ಬೆಂಗಳೂರಿನಿಂದ ರೈಲಿನಲ್ಲಿ ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ. ಇಳಿದ ಮೇಲೆ ಹೌರಾ ನಿಲ್ದಾಣದ ಜನಜಂಗುಳಿ. ನದಿಯಾಚೆಯ ಕೋಲ್ಕತ್ತದಲ್ಲಿರುವ ಆಸ್ಪತ್ರೆಗೆ ಹೋಗಲು ಸೇತುವೆಯ ಮೇಲಿನ ಬಸ್ಸು, 2024ರಲ್ಲಿ ಆರಂಭವಾದ ನದಿಯ ಕೆಳಗಿನ ಮೆಟ್ರೊ, ಇಲ್ಲವೇ ಫೆರಿ ದೋಣಿ. ಹೂಗ್ಲಿ ನದಿಯಲ್ಲಿ ಉಬ್ಬರವಿಳಿತ ಇರುವುದರಿಂದ ಫೆರಿ ಘಾಟಿನ ಕಾಲುಹಲಗೆ ಒಂದು ಹೊತ್ತಿನಲ್ಲಿ ಸಮತಟ್ಟಾಗಿದ್ದರೆ ಇನ್ನೊಂದು ಹೊತ್ತಿನಲ್ಲಿ ಇಳಿಜಾರಾಗಿರುತ್ತದೆ. ಅಲ್ಲಿ ಒಂದು ಕೈ ಕಂಬಿಯ ಮೇಲೆ ಇರಲೇಬೇಕು, ಫೋನಿಗೆ ಸಿಗುವುದು ಇನ್ನೊಂದೇ ಕೈ. ಜೊತೆಗೆ ಬಂಗಾಳಿ ಬಾರದವರಿಗೆ ದಾರಿ ಕೇಳಲು, ಮನೆಯವರನ್ನು ಕರೆಯಲು ಫೋನೇ ಆಧಾರ.

ಕಣ್ಣಿಗೆ ಬೇಕಿರುವುದು ದೊಡ್ಡ ಅಕ್ಷರ

ನಲವತ್ತರ ನಂತರ ಕಣ್ಣಿನ ಮಸೂರ ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ನಮ್ಮಲ್ಲಿ ಇದಕ್ಕೆ ಚಾಳೀಸು ಎಂದೇ ಹೆಸರು. ದೊಡ್ಡ ಫೋನ್ ಕೊಂಡರೆ ಅಕ್ಷರ ತಾನಾಗಿಯೇ ದೊಡ್ಡದಾಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. ಹೆಚ್ಚಿನ ಜಾಗವನ್ನು ಫೋನ್ ಹೆಚ್ಚು ಸಾಲು ತೋರಿಸಲು ಬಳಸಿಕೊಳ್ಳಬಹುದು, ಅಕ್ಷರ ಮೊದಲಿದ್ದಷ್ಟೇ ಇರಬಹುದು. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಈಗಿರುವ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಗಾತ್ರ ಮತ್ತು ಡಿಸ್‌ಪ್ಲೇ ಗಾತ್ರ ಎರಡನ್ನೂ ಹೆಚ್ಚಿಸಿ, ಓದುವ ಕನ್ನಡಕ ಹಾಕಿಕೊಂಡು ಒಂದು ವಾರ ಬಳಸಿ ನೋಡಿ. ಎಷ್ಟೋ ಮನೆಗಳಲ್ಲಿ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಕನ್ನಡ ಓದುವವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತದೆ. ಇಂಗ್ಲಿಷ್ ಸಲೀಸಾಗಿ ಕಾಣುವ ಗಾತ್ರದಲ್ಲಿ ಕನ್ನಡದ ಒತ್ತುಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಔಷಧಿಯ ಪ್ರಮಾಣದ ವಿಷಯದಲ್ಲಂತೂ ಒಂದು ಚುಕ್ಕೆ ಕಾಣದಿದ್ದರೆ 0.5 ಎಂಬುದು 5 ಆಗುತ್ತದೆ. ಫಾಂಟ್ ಗಾತ್ರವನ್ನು ಪರೀಕ್ಷಿಸುವಾಗ ಇಂಗ್ಲಿಷ್ ಸಂದೇಶ ಓದಿಸಬೇಡಿ, ಕನ್ನಡದ ಸಂದೇಶ ಮತ್ತು ಅಂಕಿಗಳನ್ನು ಓದಿಸಿ.

ಅಕ್ಷರವನ್ನು ತುಂಬಾ ಹಿಗ್ಗಿಸಿದಾಗ ಚಿಕ್ಕ ಫೋನಿನಲ್ಲಿ ಸಾಲಿಗೆ ಎರಡು ಮೂರು ಪದ ಮಾತ್ರ ಉಳಿಯುತ್ತವೆ, ಕೆಲವು ಆ್ಯಪ್‌ಗಳಲ್ಲಿ ಒತ್ತಬೇಕಾದ ಬಟನ್ ತೆರೆಯಿಂದ ಕೆಳಗೆ ಜಾರುತ್ತದೆ. ಆಗ ದೊಡ್ಡ ಫೋನ್ ನಿಜಕ್ಕೂ ಉಪಯುಕ್ತ. ಆದರೆ ಇಂಚಿನ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಕ್ರೀನ್ ಅಳೆಯುವುದು ಮೂಲೆಯಿಂದ ಮೂಲೆಗೆ, ಈಚಿನ ಫೋನ್‌ಗಳು ಉದ್ದವಾಗಿವೆಯೇ ಹೊರತು ಅಷ್ಟು ಅಗಲವಾಗಿಲ್ಲ. 16:9 ಅನುಪಾತದ ಹಳೆಯ 5.5 ಇಂಚಿನ ಫೋನಿಗೂ 20:9 ಅನುಪಾತದ ಈಗಿನ 6.7 ಇಂಚಿನ ಫೋನಿಗೂ ಸ್ಕ್ರೀನಿನ ಅಗಲದಲ್ಲಿ ಇರುವ ವ್ಯತ್ಯಾಸ ಎರಡು ಮಿಲಿಮೀಟರ್‌ಗಿಂತಲೂ ಕಡಿಮೆ!

ಮಧುಮೇಹದಿಂದ ಅಕ್ಷಿಪಟಲಕ್ಕೆ ಹಾನಿಯಾಗಿರುವವರಿಗೆ ದೊಡ್ಡ ಫೋನ್ ಕೂಡ ಸಾಲದಿರಬಹುದು. ಮನೆಯಲ್ಲಿ ಓದಲು ಟ್ಯಾಬ್ಲೆಟ್, ಹೊರಗೆ ಹೋಗುವಾಗ ಚಿಕ್ಕ ಫೋನ್ ಎಂಬ ಜೋಡಿ ಅವರಿಗೆ ಹೊಂದುತ್ತದೆ. ದೃಷ್ಟಿ ಹಠಾತ್ತನೆ ಮಸುಕಾದರೆ ಮಾತ್ರ ಫೋನಿನ ಅಂಗಡಿಗಲ್ಲ, ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಹೋಗಿ.

ಕೈ ಮತ್ತು ಮಣಿಕಟ್ಟು

2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಫೋನಿನ ತೂಕ 167 ಗ್ರಾಂ, ಅದೇ ಸಾಲಿನ ಅಲ್ಟ್ರಾ 232 ಗ್ರಾಂ. ಕವರ್ ಹಾಕಿದರೆ ಇನ್ನೂ ಹೆಚ್ಚು. ಆರೋಗ್ಯವಂತರಿಗೆ ಇದು ದೊಡ್ಡ ಭಾರವಲ್ಲ. ಆದರೆ ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಹಿಡಿದು ಮೇಲಿನ ಮೂಲೆಯನ್ನು ಮುಟ್ಟಲು ಹೋದಾಗ ಹೆಬ್ಬೆರಳು ಪೂರ್ತಿ ಚಾಚಬೇಕು, ಮಣಿಕಟ್ಟು ಬಾಗಬೇಕು, ಕಿರುಬೆರಳು ಭಾರ ಹೊರಬೇಕು. ಸ್ಟೀವನ್ ಹೂಬರ್ ಎಂಬ ವಿನ್ಯಾಸಕಾರರು 2013ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ 1,333 ಜನ ಫೋನ್ ಬಳಸುವುದನ್ನು ಗಮನಿಸಿ ಪ್ರಕಟಿಸಿದ ವರದಿಯಲ್ಲಿ ಸ್ಕ್ರೀನ್ ಮುಟ್ಟಿ ಬಳಸುತ್ತಿದ್ದವರ ಪೈಕಿ ಶೇಕಡಾ 49ರಷ್ಟು ಜನ ಒಂದೇ ಕೈ ಬಳಸುತ್ತಿದ್ದರು. ಆಗಿನ ಫೋನ್‌ಗಳು ಇಂದಿನಷ್ಟು ದೊಡ್ಡವಲ್ಲ ಎಂಬುದನ್ನೂ ನೆನಪಿಡಬೇಕು.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬದಿಯಲ್ಲಿ ನೋವು ಬರುವ ಡಿ ಕ್ವೆರ್ವೇನ್ ತೊಂದರೆ, ಬೆರಳು ಜೋಮು ಹಿಡಿಯುವ ಕಾರ್ಪಲ್ ಟನೆಲ್ ತೊಂದರೆ ಅಥವಾ ಸಂಧಿವಾತ ಇರುವವರಿಗೆ ಹಗುರವಾದ, ಅಗಲ ಕಡಿಮೆ ಇರುವ ಫೋನ್ ಒಳ್ಳೆಯದು. ಪಾರ್ಶ್ವವಾಯುವಿನಿಂದ ಒಂದು ಕೈ ದುರ್ಬಲವಾಗಿದ್ದರೂ ಹಾಗೆಯೇ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಲೆಕ್ಕ ಬೇರೆ: ನಡುಗುವ ಬೆರಳಿಗೆ ದೊಡ್ಡ ಬಟನ್ ಬೇಕು, ಆದ್ದರಿಂದ ದೊಡ್ಡ ಫೋನನ್ನು ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿಟ್ಟು ಬಳಸುವುದು ಅನುಕೂಲ. ಕನ್ನಡ ಟೈಪ್ ಮಾಡಲು ಕಷ್ಟಪಡುವವರಿಗೆ ಧ್ವನಿ ಟೈಪಿಂಗ್ ಕಲಿಸಿಕೊಡಿ, ಕೀಲಿಮಣೆಯ ಗಾತ್ರದ ಚಿಂತೆಯೇ ಕಡಿಮೆಯಾಗುತ್ತದೆ.

ಬಿದ್ದಾಗ ಕೈಗೆ ಸಿಗುವ ಫೋನ್

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕಾದ ಅಂಶ ಇದು. ದೊಡ್ಡ ಫೋನ್ ಜುಬ್ಬಾದ ಜೇಬಿನಿಂದ ಜಾರುತ್ತದೆ, ಸೀರೆ ಉಡುವವರಿಗೆ ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ಕೊನೆಗೆ ಅದು ಟಿವಿ ಪಕ್ಕದಲ್ಲೋ ಚಾರ್ಜರಿನ ಹತ್ತಿರವೋ ಉಳಿಯುತ್ತದೆ. ತಾಯಿ ಬಚ್ಚಲಿನಲ್ಲಿ ಜಾರಿಬಿದ್ದು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಹಜಾರದಲ್ಲಿರುವ ಸುಂದರ ಸ್ಕ್ರೀನ್ ಯಾವ ಉಪಯೋಗಕ್ಕೂ ಬಾರದು. ಬಿದ್ದ ಇತಿಹಾಸ, ಅಪಸ್ಮಾರ ಅಥವಾ ಇನ್ಸುಲಿನ್‌ನಿಂದ ಸಕ್ಕರೆ ಅಂಶ ಇಳಿಯುವ ಭಯ ಇರುವವರಿಗೆ ಸದಾ ಮೈಮೇಲೆ ಇರಬಲ್ಲ ಗಾತ್ರವೇ ಸರಿ. ಕುತ್ತಿಗೆಗೆ ಅಡ್ಡಲಾಗಿ ಹಾಕುವ ಚಿಕ್ಕ ಚೀಲವೂ ಆಗುತ್ತದೆ.

ದೇಶದಲ್ಲಿ ಎಲ್ಲಿದ್ದರೂ ತುರ್ತು ಸಂಖ್ಯೆ 112. ಹಲವು ಫೋನ್‌ಗಳಲ್ಲಿ ಪವರ್ ಬಟನ್ ಅನ್ನು ಬೇಗ ಬೇಗ ಹಲವು ಬಾರಿ ಒತ್ತಿದರೆ ತುರ್ತು ಕರೆ ಹೋಗುತ್ತದೆ. ನಿಮ್ಮ ಫೋನಿನಲ್ಲಿ ಅದು ಹೇಗಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ಕಲಿಸಿಕೊಡಿ, ಪರೀಕ್ಷೆಗೆಂದು ಕರೆ ಮಾಡಬೇಡಿ. ರಕ್ತದ ಗುಂಪು, ಅಲರ್ಜಿ, ಮನೆಯವರ ಸಂಖ್ಯೆಯನ್ನು ಲಾಕ್ ಸ್ಕ್ರೀನಿನಿಂದಲೇ ಕಾಣುವಂತೆ ತುಂಬಿಡಿ. ಪರಊರಿನಲ್ಲಿ ಭಾಷೆ ಬಾರದವರ ಪರವಾಗಿ ಅದೇ ಮಾತನಾಡುತ್ತದೆ.

ಪೇಸ್‌ಮೇಕರ್ ಇರುವವರು ಫೋನನ್ನು ಎದೆಯ ಜೇಬಿನಲ್ಲಿ ಇಡಬಾರದು. ದೊಡ್ಡದಾಗಲಿ ಚಿಕ್ಕದಾಗಲಿ, ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ. ಅಯಸ್ಕಾಂತ ಇರುವ ಫೋನ್ ಮತ್ತು ಕವರ್‌ಗಳ ಬಗ್ಗೆ ಹೃದ್ರೋಗ ತಜ್ಞರನ್ನು ಕೇಳಿ.

ಬ್ಯಾಟರಿ ಮತ್ತು ವಿಡಿಯೊ

ದೊಡ್ಡ ಫೋನಿನಲ್ಲಿ ಸಾಮಾನ್ಯವಾಗಿ ದೊಡ್ಡ ಬ್ಯಾಟರಿ ಇರುತ್ತದೆ. ಮೇಲೆ ಹೇಳಿದ ಎರಡು ಫೋನ್‌ಗಳಲ್ಲಿ ಅದು 4,000 ಮತ್ತು 5,000 ಎಂಎಎಚ್. ದೊಡ್ಡ ಸ್ಕ್ರೀನ್ ಹೆಚ್ಚು ವಿದ್ಯುತ್ ಕುಡಿಯುತ್ತದೆ ಎಂಬುದು ನಿಜ, ಆದರೂ ಹೌರಾ ರೈಲಿನಂಥ ದೀರ್ಘ ಪ್ರಯಾಣದಲ್ಲಿ ಅದಕ್ಕೇ ಮೇಲುಗೈ. ಚಿಕ್ಕ ಫೋನ್ ಇದ್ದರೆ ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಇ-ಸಂಜೀವಿನಿಯಂಥ ಸೇವೆಯಲ್ಲಿ ವೈದ್ಯರಿಗೆ ಗಾಯ ಅಥವಾ ಚರ್ಮದ ಕಲೆ ತೋರಿಸುವಾಗ ಮುಖ್ಯವಾಗುವುದು ಕ್ಯಾಮೆರಾ, ಬೆಳಕು ಮತ್ತು ನೆಟ್‌ವರ್ಕ್. ನಿಮ್ಮ ಸ್ಕ್ರೀನ್ ಎಷ್ಟೇ ದೊಡ್ಡದಿದ್ದರೂ ಆಚೆಗಿರುವ ವೈದ್ಯರಿಗೆ ಅದರಿಂದ ಹೆಚ್ಚೇನೂ ಕಾಣುವುದಿಲ್ಲ.

ಅಂಗಡಿಯಲ್ಲಿ

ಫೋನ್ ಬಳಸುವವರನ್ನೇ ಕರೆದುಕೊಂಡು ಹೋಗಿ. ಕವರ್ ಹಾಕಿದ ಫೋನನ್ನು ಅವರು ಒಂದೇ ಕೈಯಲ್ಲಿ ಹಿಡಿದು, ಅಕ್ಷರವನ್ನು ತಮಗೆ ಬೇಕಾದಷ್ಟು ಹಿಗ್ಗಿಸಿ, ಒಂದು ಕನ್ನಡ ಸಂದೇಶ ಓದಲಿ, ನಿಮಗೊಂದು ಕರೆ ಮಾಡಲಿ, ಬಂದ ಕರೆಯನ್ನು ಸ್ವೀಕರಿಸಲಿ. ಐದು ನಿಮಿಷ ಹಿಡಿದ ಮೇಲೆ ಹೆಬ್ಬೆರಳು ನೋಯುತ್ತಿದೆಯೇ ಎಂದು ಕೇಳಿ. ಕೊನೆಯದಾಗಿ, ದಿನವೂ ಇಟ್ಟುಕೊಳ್ಳುವ ಜೇಬಿನಲ್ಲೋ ಚೀಲದಲ್ಲೋ ಅದನ್ನು ಇಟ್ಟು ಕುಳಿತು ಏಳಲು ಹೇಳಿ. ಜಾರಿ ಹೊರಬಂದರೆ ಒಂದು ಅಳತೆ ಚಿಕ್ಕದನ್ನು ಕೇಳಿ ಪಡೆಯಿರಿ.