ಏನೂ ಆಗದ ಆ ರಾತ್ರಿ

1999ರ ಡಿಸೆಂಬರ್ 31, ಶುಕ್ರವಾರ. ಮುಂಬೈ ಫೋರ್ಟಿನ ನಮ್ಮ ಶಾಖೆಯಲ್ಲಿ ರಾತ್ರಿ ಉಳಿದವರು ನಾಲ್ಕು ಜನ. ಟೀವಿಯಲ್ಲಿ ಕಂದಹಾರದಿಂದ ಬಿಡುಗಡೆಯಾದ ವಿಮಾನ ಪ್ರಯಾಣಿಕರದೇ ಸುದ್ದಿ. ನಿಜ ಹೇಳಬೇಕೆಂದರೆ ಸಂಜೆ ನಾಲ್ಕೂವರೆಗೇ ನಮ್ಮ ಎದೆಬಡಿತ ಅರ್ಧ ಇಳಿದಿತ್ತು. ನ್ಯೂಜಿಲೆಂಡಿನಲ್ಲಿ ಆಗಲೇ 2000 ಹುಟ್ಟಿತ್ತು, ಅಲ್ಲಿ ದೀಪ ಆರಿರಲಿಲ್ಲ. ಹನ್ನೆರಡು ಹೊಡೆಯಿತು. ಒಂದು ಠೇವಣಿಯ ಬಡ್ಡಿ ಲೆಕ್ಕ ಹಾಕಿಸಿ ನೋಡಿದೆವು. ಸರಿ ಬಂತು. ಥರ್ಮಾಸಿನ ಚಹಾ ಕುಡಿದು, ಬೆಳಗಿನ ಲೋಕಲ್ ಹಿಡಿದು ಡೊಂಬಿವಲಿಗೆ ಹೋಗಿ ಮಲಗಿದೆ.

ವೈಟುಕೆ ಎಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಹಿಂದೆ ಕಂಪ್ಯೂಟರಿನ ಒಳಗೆ ಜಾಗ ಬಲು ತುಟ್ಟಿ. ಅದಕ್ಕೇ ಇಸವಿಯ ಕೊನೆಯ ಎರಡೇ ಅಂಕಿ ಬರೆಯುವ ರೂಢಿ ಬಿತ್ತು. 2000 ಎಂದರೆ 00, ಯಂತ್ರದ ಪಾಲಿಗೆ ಅದು 1900. ಬ್ಯಾಂಕಿನವರಿಗೆ ಇದರ ಬಿಸಿ ಮೊದಲೇ ತಟ್ಟಬೇಕಿತ್ತು. 1995ರಲ್ಲಿ ಐದು ವರ್ಷಕ್ಕೆ ಇಟ್ಟ ಠೇವಣಿಯ ವಾಯಿದೆ ಮುಗಿಯುವುದು 2000ದಲ್ಲಿ ತಾನೆ? ಯಂತ್ರದ ಲೆಕ್ಕದಲ್ಲಿ ಅದು ಇಡುವುದಕ್ಕೆ 95 ವರ್ಷ ಮೊದಲೇ ಮುಗಿದುಹೋಗಿತ್ತು! ಅಮೆರಿಕದ ಬಾಬ್ ಬೆಮರ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಯಾರು ಕೇಳುತ್ತಾರೆ? ಕೆನಡಾದ ಪೀಟರ್ ಡಿ ಯಾಗರ್ 1993ರಲ್ಲಿ ಬರೆದ ಲೇಖನದ ನಂತರವೇ ಗದ್ದಲ ಜೋರಾದದ್ದು. ಸಾಲು ಸಾಲು ಕೋಬಾಲ್ ಓದಿ ತಿದ್ದುವ ಕೆಲಸ ಭಾರತಕ್ಕೂ ಬಂತು. ಟಿಸಿಎಸ್‌ನವರು ಚೆನ್ನೈಯಲ್ಲಿ ಇದಕ್ಕೆಂದೇ ಒಂದು 'ಕಾರ್ಖಾನೆ' ಮಾಡಿದ್ದರು.

ನಾನು ಎಂಕಾಂ ಓದಿದವ, ಇಂಜಿನಿಯರ್ ಅಲ್ಲ. ಆದರೂ ಪರೀಕ್ಷೆಯ ಕೆಲಸ ನನ್ನ ತಲೆಗೆ ಬಿತ್ತು. ಬೇರೆ ಇಟ್ಟ ಯಂತ್ರದಲ್ಲಿ ತಾರೀಖು ಮುಂದೆ ದೂಡಿ, ಲೆಕ್ಕ ಕೈಯಲ್ಲಿ ಹಾಕಿ ತಾಳೆ ನೋಡುವುದು. ಜನವರಿ 1 ಒಂದೇ ಅಲ್ಲ, ಫೆಬ್ರವರಿ 29 ಸಹ. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ, ಹಾಗಾಗಿ 1900ರಲ್ಲಿ ಇಲ್ಲದ 29ನೇ ತಾರೀಖು 2000ದಲ್ಲಿ ಇತ್ತು. ಅರ್ಧ ನಿಯಮ ಮಾತ್ರ ಗೊತ್ತಿದ್ದವರು ಬರೆದ ಪ್ರೋಗ್ರಾಂ ಇಲ್ಲೂ ಎಡವುತ್ತಿತ್ತು. ಒಂದು ದಿನ ಮೈನಸ್ ಬಡ್ಡಿಯೇ ಬಂತು, ಠೇವಣಿದಾರನೇ ನಮಗೆ ಕೊಡಬೇಕು ಎನ್ನುವ ಹಾಗೆ. ತಿದ್ದಿಸಿದೆವು. ಆ ಡಿಸೆಂಬರಿನಲ್ಲಿ ಎಲ್ಲರ ರಜೆಯೂ ರದ್ದು. ಶಿವಮೊಗ್ಗದಲ್ಲಿ ಅಪ್ಪಯ್ಯನ ಕಣ್ಣಿನ ಪೊರೆ ತೆಗೆಸಿದಾಗ ನಾನು ಹೋಗಲಿಲ್ಲ.

ಜನವರಿಯಲ್ಲಿ ಭಾವನ ಫೋನು ಬಂತು. “ಕಂಪ್ಯೂಟರಿನವರು ಊರಿಗೆಲ್ಲ ಹೆದರಿಸಿ ದುಡ್ಡು ಮಾಡಿಕೊಂಡ್ರು. ನೀವು ಅದಕ್ಕಾಗಿ ಮಾವನ ಆಪರೇಷನ್ನಿಗೂ ಬರ್ಲಿಲ್ಲ.” ಪತ್ರಿಕೆಗಳ ಧಾಟಿಯೂ ಅದೇ. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಇಟಲಿ, ರಷ್ಯಾಗಳು ಕಡಿಮೆ ಖರ್ಚು ಮಾಡಿದವು, ಅಲ್ಲೂ ಪ್ರಳಯ ಆಗಲಿಲ್ಲ. ಬೇಡದ ಸಾಮಾನು ಮಾರಿದವರೂ ಇದ್ದರು. ಆದರೆ ಎಲ್ಲವೂ ಸುಳ್ಳೇ? ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಮಾಹಿತಿ ಕೆಲ ದಿನ ಸರಿಯಾಗಿ ಸಿಗಲಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಗರ್ಭಿಣಿಯರ ವಯಸ್ಸಿನ ಲೆಕ್ಕ ತಪ್ಪಿ, 150ಕ್ಕೂ ಹೆಚ್ಚು ಮಂದಿಗೆ ಡೌನ್ ಸಿಂಡ್ರೋಮ್ ಪರೀಕ್ಷೆಯ ತಪ್ಪು ಫಲಿತಾಂಶ ಹೋಯಿತು. ಅದು ಬೆಳಕಿಗೆ ಬರಲು ತಿಂಗಳುಗಳೇ ಹಿಡಿದವು. ಆ ಹೊತ್ತಿಗೆ ಜನ ವೈಟುಕೆ ಮರೆತು ನಕ್ಕಾಗಿತ್ತು.

ಮೇ ಕೊನೆಗೆ ಊರಿಗೆ ಹೋದೆ. ಅಪ್ಪಯ್ಯ ಮಳೆಗೆ ಮೊದಲಿನ ಔಷಧಿ ಹೊಡೆಸುತ್ತಿದ್ದರು, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಸಾಹೇಬರು ಕೊಳೆರೋಗಕ್ಕೆ ಹೇಳಿಕೊಟ್ಟ ಔಷಧಿ. ನನಗೆ ಒಳ್ಳೆಯ ಹೋಲಿಕೆ ಸಿಕ್ಕಿತೆಂದು ಹೇಳಿದೆ, “ಕೊಳೆ ಬರಲಿಲ್ಲ ಅಂದ್ರೆ ಔಷಧಿ ದಂಡ ಅಂತ ಯಾರಾದ್ರೂ ಹೇಳ್ತಾರಾ ಅಪ್ಪಯ್ಯ? ನಮ್ಮದೂ ಹಾಗೇ.”

ಅವರು ಗೊನೆಯ ಕಡೆ ಕತ್ತೆತ್ತಿ, “ತಮಾ, ಹೊಡೆದ ಔಷಧಿ ಗೊನೆ ಮೇಲೆ ನೀಲಿಯಾಗಿ ಕಾಣ್ತು. ಹೊಡೆಯದೇ ಇದ್ದ ಪಕ್ಕದವರ ತೋಟದಲ್ಲಿ ಅಡಿಕೆ ಉದುರಿದ್ದೂ ಕಾಣ್ತು. ನಿಂದು ಎಲ್ಲಿ ಕಾಣ್ತು?” ಅಂದರು.

ಚೀಲದಲ್ಲಿ ಆ ಮೈನಸ್ ಬಡ್ಡಿಯ ಹಾಳೆ ಇತ್ತು. ಭಾವನಿಗೆ ತೋರಿಸಲೆಂದೇ ತಂದಿದ್ದೆ. ಹೊಸ ಕನ್ನಡಕ ಏರಿಸಿ ಅಪ್ಪಯ್ಯ ಅದನ್ನು ಸುಮಾರು ಹೊತ್ತು ನೋಡಿದರು.

“ಇದು ಯಾರ ದುಡ್ಡು?”

“ಯಾರದೂ ಅಲ್ಲ. ಪರೀಕ್ಷೆಗೆ ನಾವೇ ಮಾಡಿದ ಸುಳ್ಳು ಖಾತೆ.”

“ಸುಳ್ಳು ಖಾತೆಯಾ!” ಎಂದು ಜೋರಾಗಿ ನಕ್ಕರು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಭಾವ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕೇಳಿದರು.