ರಾಯಚೂರು ಸೀಮೆಯ ವಿದ್ಯಾದತ್ತಿ

1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯ ಬಂಡೆಯೊಂದರ ಮೇಲೆ ಬರಹವು ಗೋಚರಿಸಿತು. ದೇವಾನಾಂಪ್ರಿಯನೇ ಅಶೋಕನೆಂಬುದನ್ನು ಆ ಶಾಸನವು ನಿಸ್ಸಂಶಯಗೊಳಿಸಿದ ಸಂಗತಿ ಸುವಿದಿತವಾಗಿದೆ. ಅಕ್ಷರವು ಇಷ್ಟು ಮುಂಚೆ ಕಾಲಿಟ್ಟ ಈ ಜಿಲ್ಲೆಯಲ್ಲಿ, 2011ರ ಜನಗಣತಿಯಂತೆ, ಅಕ್ಷರಸ್ಥರು ಶೇಕಡಾ 59.56 ಮಾತ್ರ, ಆಗ ರಾಜ್ಯದ ಪ್ರಮಾಣ 75.36. ಬರ, ಬಡತನಗಳನ್ನು ಕಾರಣವಾಗಿ ಹೇಳಿ ಮುಗಿಸುವುದು ವಾಡಿಕೆ. ಅವು ನಿಜವೇ. ಆದರೆ ವಿದ್ಯೆಗೆ ವರ್ಷಂಪ್ರತಿ ಆಧಾರ ಕೊಡುತ್ತಿದ್ದ ದತ್ತಿಯ ಕ್ರಮವು ಇಲ್ಲಿ ಕಡಿದುಹೋದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದಾನ ಬೇರೆ, ದತ್ತಿ ಬೇರೆ. ದಾನವನ್ನು ಒಮ್ಮೆ ಕೊಟ್ಟು ಮುಗಿಸಬಹುದು. ದತ್ತಿಯಾದರೋ ಉತ್ಪನ್ನವುಳ್ಳ ಆಸ್ತಿಯನ್ನು ಒಂದು ಕಾರ್ಯಕ್ಕೆ ಕಟ್ಟಿಡುವುದು. ಇದರ ಉತ್ತಮ ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ನೆರೆಯ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನವು ಕಲ್ಯಾಣ ಚಾಲುಕ್ಯರ ಕಾಲದ್ದು. 200 ಮಂದಿ ವೇದ ವಿದ್ಯಾರ್ಥಿಗಳು, 52 ಮಂದಿ ಶಾಸ್ತ್ರ ವಿದ್ಯಾರ್ಥಿಗಳು, ಅವರ ಉಪಾಧ್ಯಾಯರು, ಗ್ರಂಥಗಳನ್ನು ಕಾಯುವ 6 ಮಂದಿ ಸರಸ್ವತೀ ಭಂಡಾರಿಗರು, ಇವರೆಲ್ಲರ ನಿರ್ವಾಹಕ್ಕೂ ಅಲ್ಲಿ ವ್ಯವಸ್ಥೆಯಿದೆ. ಗ್ರಂಥಪಾಲಕನ ಜೀವನೋಪಾಯವನ್ನೂ ಮರೆಯದ ಆ ದಾತೃವಿನ ದೂರದೃಷ್ಟಿ ಮೆಚ್ಚತಕ್ಕದ್ದು. ಅಲ್ಲಿ ಪ್ರವೇಶವು ಎಲ್ಲ ವರ್ಣದವರಿಗೂ ಇರಲಿಲ್ಲವೆಂಬುದನ್ನು ಮಾತ್ರ ಮರೆಮಾಚಬಾರದು. ಮುಂದಿನ ಶತಮಾನದ ಶರಣರು ಕಾಯಕದವರ ಬಾಯಿಗೆ ಅನುಭಾವದ ಮಾತನ್ನು ತಂದು ಆ ಬೇಲಿಯನ್ನೇ ಪ್ರಶ್ನಿಸಿದರು.

ಹಳ್ಳಿಗಳಲ್ಲಿ ಅಕ್ಷರವನ್ನು ಉಳಿಸಿದವರು ಐಗಳು. ಮಠದ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಮರಳಿನಲ್ಲಿ ಓಂ ನಮಃ ಶಿವಾಯ ತಿದ್ದಿಸಿ, ಮಗ್ಗಿ ಹೇಳಿಸಿ, ಸುಗ್ಗಿಯಲ್ಲಿ ಪಾಲಕರು ಕೊಟ್ಟ ಜೋಳದಿಂದ ಅವರು ಬಾಳುವೆ ನಡೆಸುತ್ತಿದ್ದರು. ರಾಶಿ ಬಂದ ವರ್ಷ ಶಾಲೆ, ಬಾರದ ವರ್ಷ ರಜೆ! ಅದಕ್ಕೆ ಕಾಣಿಕೆಯಿತ್ತು, ಕಟ್ಟಿಟ್ಟ ದತ್ತಿಯಿರಲಿಲ್ಲ.

1853ರಲ್ಲಿ ಇಂಗ್ಲಿಷರ ವಶಕ್ಕೆ ಹೋದ ರಾಯಚೂರು ದೋಆಬು 1860ರಲ್ಲಿ ನಿಜಾಮರಿಗೆ ಹಿಂತಿರುಗಿತು. ಲಿಂಗಸುಗೂರು 1905ರವರೆಗೆ ಜಿಲ್ಲಾಕೇಂದ್ರವೇ ಆಗಿದ್ದರೂ ಕಚೇರಿಯ ಭಾಷೆ ಪ್ರಜೆಯ ಭಾಷೆಯಾಗಿರಲಿಲ್ಲ. ಸರಕಾರಿ ಪ್ರೌಢಶಿಕ್ಷಣ ಉರ್ದುವಿನಲ್ಲಿತ್ತು. 1920ರ ದಶಕದಲ್ಲಿ ಖಾಸಗಿ ಶಾಲೆಗಳಿಗೂ ಸರಕಾರದ ಅಪ್ಪಣೆ ಬೇಕೆಂಬ ನಿಯಮವು ಬಂದು, ಕೊಡುವ ಕೈಗಳಿದ್ದರೂ ಶಾಲೆ ತೆರೆಯುವುದು ಕಷ್ಟವಾಯಿತು. ಇದೇ ಕಾಲದ ಮುಂಬಯಿ ಕರ್ನಾಟಕವನ್ನು ಹೋಲಿಸಿ ನೋಡಬೇಕು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಅದರ ವಿದ್ಯಾರ್ಥಿವೇತನದಿಂದ ಓದಿದವರು ಅನೇಕರು. ಮಲಪ್ರಭೆಯ ಬಯಲಿನಲ್ಲಿ ಸಾಧ್ಯವಾದದ್ದು ಮಸ್ಕಿ, ಸಿಂಧನೂರುಗಳಲ್ಲಿ ಆಗಲಿಲ್ಲ. ಇಲ್ಲಿಯ ಜನರ ಔದಾರ್ಯ ಕಡಿಮೆಯೆಂದು ಇದರಿಂದ ತೀರ್ಮಾನಿಸುವುದು ಅನ್ಯಾಯ.

ಅಂಥ ಇಕ್ಕಟ್ಟಿನಲ್ಲಿಯೂ 1920ರಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಆರಂಭಿಸಿದರು. 1934ರಲ್ಲಿ ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪನವರು ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಕಟ್ಟಿ ದಾಸೋಹದ ಪರಂಪರೆಯನ್ನು ಹೆಣ್ಣುಮಕ್ಕಳ ಶಾಲೆಯವರೆಗೆ ವಿಸ್ತರಿಸಿದರು. 1948ರಲ್ಲಿ ಹೈದರಾಬಾದು ವಿಮೋಚನೆಗೊಂಡು, 1956ರಲ್ಲಿ ಈ ಭಾಗವು ಕನ್ನಡ ನಾಡನ್ನು ಸೇರಿತು. 1958ರಲ್ಲಿ ಹೈದರಾಬಾದು ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಆದರೆ ಇವುಗಳ ಬೆಳಕು ಮೊದಲು ಬಿದ್ದುದು ಪಟ್ಟಣಗಳ ಮೇಲೆ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಭತ್ತವನ್ನು ತಂದಿತು. ಲಿಂಗಸುಗೂರು, ಮಸ್ಕಿಗಳ ಒಣಬೇಸಾಯದ ಹಳ್ಳಿಗಳಿಂದ ಮಾತ್ರ ಗುಳೆ ನಿಲ್ಲಲಿಲ್ಲ. ತಂದೆತಾಯಿಗಳೊಡನೆ ಮಗುವೂ ಹೊರಟರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಷ್ಟೇ ಉಳಿಯುತ್ತದೆ. 2002ರಲ್ಲಿ ರಾಯಚೂರು ಸೇರಿ ಉತ್ತರದ 7 ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಬಿಸಿಯೂಟದ ಯೋಜನೆಗೆ ಸರಕಾರವು ‘ಅಕ್ಷರ ದಾಸೋಹ’ವೆಂದು ಶರಣರ ಮಾತನ್ನೇ ಹೆಸರಾಗಿಟ್ಟಿತು. ಅದು ಮಧ್ಯಾಹ್ನದ ಹಸಿವನ್ನು ನೀಗಿಸುತ್ತದೆ. ಗುಳೆ ಹೋದವರ ಮಗು ಊರಿನಲ್ಲಿಯೇ ಉಳಿಯಬೇಕಾದರೆ ರಾತ್ರಿಯ ಊಟ, ಹಾಸಿಗೆ, ಕಾಯುವವರೊಬ್ಬರು ಬೇಕು. ಇಂದು ದಾನಿಗಳು ಕೊಠಡಿ ಕಟ್ಟಿಸಲು ಒಲಿಯುವಷ್ಟು ಈ ನಿತ್ಯದ ವೆಚ್ಚಕ್ಕೆ ಒಲಿಯುವುದಿಲ್ಲ. ಕೊಠಡಿಗಾದರೆ ಹೆಸರಿನ ಕಲ್ಲು ಹಾಕಿಸಬಹುದಲ್ಲವೆ? ಸೀಮೆಯ ಮಠಗಳ ಪ್ರಸಾದ ನಿಲಯಗಳು ಸುಗ್ಗಿ ಮುಗಿದ ಮೇಲಿನ ಆ ಕೆಲವು ತಿಂಗಳುಗಳಿಗೆಂದೇ ಒಂದು ದತ್ತಿಯನ್ನು ಬೇರೆಯಾಗಿ ತೆಗೆದಿರಿಸಿದರೆ, ನಾಗಾವಿಯ ಲೆಕ್ಕವು ಮತ್ತೆ ಬಳಕೆಗೆ ಬಂದಂತಾಗುತ್ತದೆ.