ರಕ್ತನಾಳ ಬರೀ ಕೊಳವೆಯಲ್ಲ

ಔಷಧ ರಕ್ತಕ್ಕೆ ಸೇರಿದರೆ ಸಾಕು, ಅದು ಕೆಲಸ ಮಾಡೇ ಮಾಡುತ್ತೆ ಅಂತ ನಾವು ಅಂದುಕೊಳ್ತೀವಿ. ಆದರೆ ರಕ್ತಕ್ಕೆ ಸೇರೋದು ಬೇರೆ, ಅಲ್ಲಿಂದ ಆಚೆ ಬಂದು ರೋಗ ಇರುವ ಜಾಗ ಮುಟ್ಟೋದು ಬೇರೆ. ನಡುವೆ ರಕ್ತನಾಳದ ಗೋಡೆ ಇದೆ. ಆ ಗೋಡೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ವಿಜ್ಞಾನಿಗಳು ಹೊರಟ ಕಥೆಯನ್ನು ಇವತ್ತು ಹೇಳ್ತೀನಿ.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಬೇರೆ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಮಾತ್ರ ಹಾಗೇ ಉಳಿಯಿತು. ಮಿದುಳಿಗೆ ಬಣ್ಣ ಹಿಡಿಯುವ ಗುಣ ಇಲ್ಲ ಅಂತ ಅವರು ಭಾವಿಸಿದರು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನು ನೇರವಾಗಿ ಮಿದುಳು-ಬೆನ್ನುಹುರಿಯ ದ್ರವಕ್ಕೇ ಹಾಕಿದರು. ಈಗ ಮಿದುಳು ನೀಲಿಯಾಯಿತು, ದೇಹದ ಉಳಿದ ಭಾಗಕ್ಕೆ ಬಣ್ಣ ತಾಗಲಿಲ್ಲ! ಅಂದರೆ ನಡುವೆ ಏನೋ ಒಂದು ತಡೆ ಇದೆ ಅಂತಾಯ್ತು.

ಅದು ಎಲ್ಲಿದೆ ಅಂತ ಕಣ್ಣಿಗೆ ಕಂಡದ್ದು 1967ರಲ್ಲಿ. ಅಮೆರಿಕದ ರೀಸ್ ಮತ್ತು ಕಾರ್ನೊವ್ಸ್ಕಿ ಇಲಿಯ ಮಿದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿನ ಲೋಮನಾಳಗಳ ಒಳಪದರದ ಜೀವಕೋಶಗಳು ಸಂದಿಯೇ ಇಲ್ಲದ ಹಾಗೆ ಬೆಸೆದುಕೊಂಡಿದ್ದವು.

ಹಾಗಾದರೆ ಆ ಕೋಶಗಳನ್ನೇ ಬೆಳೆಸಿ ಪರೀಕ್ಷೆ ಮಾಡಬಹುದಲ್ವಾ? 1973ರಲ್ಲಿ ನ್ಯೂಯಾರ್ಕ್‌ನ ಎರಿಕ್ ಜಾಫಿ ಮತ್ತು ಸಂಗಡಿಗರು ಹೊಕ್ಕುಳಬಳ್ಳಿಯ ರಕ್ತನಾಳದಿಂದ ಮನುಷ್ಯರ ಕೋಶಗಳನ್ನು ತೆಗೆದು ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಹೆರಿಗೆಯಾದ ಮೇಲೆ ಎಸೆಯುವ ವಸ್ತು ಸಂಶೋಧನೆಯ ಬಂಡವಾಳವಾಯಿತು. 1980ರಲ್ಲಿ ಫೋಕ್‌ಮನ್ ಮತ್ತು ಹೌಡೆನ್‌ಶಿಲ್ಡ್, ತಟ್ಟೆಯಲ್ಲಿ ಬೆಳೆಸಿದ ಲೋಮನಾಳದ ಕೋಶಗಳು ತಾವಾಗಿಯೇ ಕೊಳವೆಗಳಾಗುವುದನ್ನು ತೋರಿಸಿದರು. 1986ರಲ್ಲಿ ವೈನ್‌ಬರ್ಗ್ ಮತ್ತು ಬೆಲ್ ಕೊಲಾಜೆನ್ ಮತ್ತು ಜೀವಕೋಶಗಳಿಂದ ಒಂದು ರಕ್ತನಾಳವನ್ನೇ ಕಟ್ಟಿದರು. ಅದು ಒತ್ತಡ ತಡೆಯಲಿ ಅಂತ ಡೇಕ್ರಾನ್ ಬಲೆಯ ಆಸರೆ ಕೊಡಬೇಕಾಯಿತು.

ಆದರೆ ಒಂದು ತೊಡಕು ಇತ್ತು. ಮಿದುಳಿನಿಂದ ತೆಗೆದ ರಕ್ತನಾಳದ ಕೋಶಗಳು ತಟ್ಟೆಗೆ ಬಂದ ಮೇಲೆ ತಮ್ಮ ಕಾವಲು ಕೆಲಸವನ್ನು ಮರೆಯತೊಡಗುತ್ತವೆ. ಮಣ್ಣಿನಿಂದ ಕಿತ್ತ ಸಸಿ ಬಾಡುವ ಹಾಗೆ. ಇವಕ್ಕೆ ನೆರೆಹೊರೆ ಬೇಕು. ಮಿದುಳಿನ ಆಸ್ಟ್ರೊಸೈಟ್ ಎಂಬ ಕೋಶಗಳು ರಕ್ತನಾಳಕ್ಕೆ ಈ ಕಾವಲು ಗುಣ ಬರಲು ನೆರವಾಗುತ್ತವೆ ಅಂತ 1987ರಲ್ಲಿ ಜಾನ್ಸರ್ ಮತ್ತು ರಾಫ್ ತೋರಿಸಿದರು. ನೆರೆಯವರಷ್ಟೇ ಸಾಲದು, ರಕ್ತ ಹರಿಯುವಾಗಿನ ಉಜ್ಜಾಟವೂ ಬೇಕು.

ಇದೆಲ್ಲ ಯಾಕೆ ಮುಖ್ಯ ಅಂತೀರಾ? ಇಂಟರ್‌ಲ್ಯುಕಿನ್-2 ಅನ್ನೋ ಕ್ಯಾನ್ಸರ್ ಔಷಧವನ್ನೇ ನೋಡಿ. ಅದರಿಂದ ಕೆಲವು ರೋಗಿಗಳ ರಕ್ತನಾಳ ಸೋರಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. 2012ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯ ಡಾನ್ ಹು, ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಈ ತೊಂದರೆಯನ್ನು ಪುಟ್ಟ ಚಿಪ್‌ನಲ್ಲಿ ಮರುಸೃಷ್ಟಿಸಿದರು. ಸಣ್ಣ ರಂಧ್ರಗಳಿರುವ ಪೊರೆಯ ಒಂದು ಬದಿ ಶ್ವಾಸಕೋಶದ ಕೋಶಗಳು, ಇನ್ನೊಂದು ಬದಿ ರಕ್ತನಾಳದ ಕೋಶಗಳು. ಔಷಧ ಹರಿಸಿದಾಗ ದ್ರವ ಗಾಳಿಯ ಬದಿಗೆ ಸೋರಿತು. ಉಸಿರಾಟದಂತೆ ಪೊರೆಯನ್ನು ಹಿಗ್ಗಿಸಿ ಕುಗ್ಗಿಸಿದಾಗ ಸೋರಿಕೆ ಇನ್ನೂ ಹೆಚ್ಚಾಯಿತು. ನಿಶ್ಚಲ ತಟ್ಟೆಯಲ್ಲಿ ಇದು ಗೊತ್ತಾಗುತ್ತಲೇ ಇರಲಿಲ್ಲ.

ಒಂದು ಚಿಪ್ ಇಡೀ ದೇಹವಲ್ಲ, ನಿಜ. ಔಷಧವನ್ನು ಒಡೆಯುವ ಯಕೃತ್ತು, ಹೊರಹಾಕುವ ಮೂತ್ರಪಿಂಡ ಅದರಲ್ಲಿಲ್ಲ. ಆದರೆ ಇಲಿಯ ರಕ್ತನಾಳವೂ ಮನುಷ್ಯನದ್ದಲ್ಲ. ಅದಕ್ಕೇ 2022ರ ಕೊನೆಯಲ್ಲಿ ಅಮೆರಿಕ, 2023ರಲ್ಲಿ ಭಾರತ ತಮ್ಮ ಕಾನೂನು-ನಿಯಮಗಳನ್ನು ತಿದ್ದಿ, ಔಷಧ ಪರೀಕ್ಷೆಯಲ್ಲಿ ಇಂಥ ಮಾದರಿಗಳಿಗೂ ಬಾಗಿಲು ತೆರೆದವು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಇಷ್ಟು: ಜೀವಕೋಶವನ್ನು ದೇಹದಿಂದ ಹೊರಗೆ ತರೋದು ಮೊದಲ ಹೆಜ್ಜೆ ಮಾತ್ರ. ಅದು ಬಿಟ್ಟು ಬಂದ ನೆರೆಹೊರೆ, ಹರಿವು, ಉಸಿರಿನ ಎಳೆತ ಇವನ್ನೆಲ್ಲ ಒಂದೊಂದಾಗಿ ಮರಳಿ ಕೊಟ್ಟಾಗಲೇ ಅದು ನಿಜ ಹೇಳಿದ್ದು.